ವಿ60ಯಲ್ಲಿ ನೀರು ಇಳಿಯುತ್ತಲೇ ಇಲ್ಲ, ಕಾಫಿ ಬರೀ ಕಹಿ

ಬಸವನಗುಡಿ ಬೈಟೂ:
ನಮಸ್ಕಾರ. ಮೂರು ವಾರದಿಂದ ಮನೆಯಲ್ಲಿ ಪೋರ್ ಓವರ್ (ಪೇಪರಿನಲ್ಲಿರುವ ಪುಡಿಯ ಮೇಲೆ ಕೈಯಿಂದ ಬಿಸಿನೀರು ಸುರಿದು ಇಳಿಸುವ ಕಾಫಿ) ಮಾಡುತ್ತಿದ್ದೇನೆ, ಒಂದು ದಿನವೂ ಸರಿಯಾಗಿ ಬಂದಿಲ್ಲ. ಪೇಪರ್ ಇಡುವ ಕೋನ್ ಹರಿಯೊ ಕಂಪನಿಯ ವಿ60, ಪ್ಲಾಸ್ಟಿಕ್‌ದು. 20 ಗ್ರಾಂ ಪುಡಿಗೆ 300 ಗ್ರಾಂ ನೀರು, ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇನೆ. ನೀರು ಇಳಿಯುವುದಕ್ಕೆ ಆರು ನಿಮಿಷ ಬೇಕು, ನಿನ್ನೆಯಂತೂ ಏಳಾಯಿತು. ಕೊನೆಯಲ್ಲಿ ಅರ್ಧ ಲೋಟದಷ್ಟು ನೀರು ಮೇಲೆ ಹಾಗೇ ನಿಂತುಬಿಡುತ್ತದೆ. ಕುಡಿದರೆ ಕಹಿ, ಜೊತೆಗೆ ಹಸಿ ಬಾಳೆಕಾಯಿ ಕಚ್ಚಿದ ಹಾಗೆ ನಾಲಿಗೆಯೆಲ್ಲ ಒಗರು. ಇದೇ ಬೀಜದ ಕಾಫಿಯನ್ನು ಕೆಫೆಯಲ್ಲಿ ಕುಡಿದಾಗ ಕಿತ್ತಳೆ ಸಿಪ್ಪೆಯ ಘಮ ಇತ್ತು, ಅದಕ್ಕೇ ಆಸೆಪಟ್ಟು ಕಾಲು ಕೆಜಿ ತಂದೆ. ನೀರು ಜಾಸ್ತಿ ಬಿಸಿಯಾಯಿತೇನೋ ಅಂತ 85 ಡಿಗ್ರಿಗೆ ಇಳಿಸಿದೆ, ಪುಡಿ ಕಡಿಮೆ ಮಾಡಿದೆ, ಬೇರೆ ಪೇಪರ್ ತಂದೆ. ಏನೂ ಪ್ರಯೋಜನ ಆಗಲಿಲ್ಲ.

ಮೈಸೂರು ಮಗ್:
ಎರಡು ವಿಷಯ ಹೇಳಿ ಸರ್. ಬೀಜ ಎಲ್ಲಿ ಪುಡಿ ಮಾಡಿಸಿದ್ದು? ನೀರೆಲ್ಲ ಇಳಿದ ಮೇಲೆ ಪೇಪರ್ ಒಳಗೆ ಚರಟ ಹೇಗೆ ಕಾಣುತ್ತದೆ?

ಬಸವನಗುಡಿ ಬೈಟೂ:
ಮನೆ ಹತ್ತಿರದ ಕಾಫಿ ಪುಡಿ ಅಂಗಡಿಯಲ್ಲಿ. 'ಫಿಲ್ಟರಿಗೆ' ಅಂದೆ, ಮಾಡಿಕೊಟ್ಟರು. ಚಿಕೋರಿ ಹಾಕಿಸಿಲ್ಲ. ಚರಟ ಈಗಷ್ಟೇ ನೋಡಿದೆ. ಮೇಲೆ ನುಣ್ಣಗೆ ಕೆಸರಿನ ಪದರ, ಮುಟ್ಟಿದರೆ ಕಲಸಿದ ಮೆಹೆಂದಿಯ ಹಾಗೆ ಬೆರಳಿಗೆ ಅಂಟುತ್ತದೆ. ಪೇಪರಿನ ಬದಿಗೂ ಅಂಚಿನವರೆಗೆ ಮೆತ್ತಿಕೊಂಡಿದೆ.

ಮೈಸೂರು ಮಗ್:
ಹಾಗಾದರೆ ತೊಂದರೆ ಇರುವುದು ಪುಡಿಯಲ್ಲೇ. ನಮ್ಮ ಕಡೆ ಫಿಲ್ಟರ್ ಅಂದರೆ ಸ್ಟೀಲ್ ಫಿಲ್ಟರ್, ಅಂಗಡಿಯವರು ಅದಕ್ಕೆ ತಕ್ಕ ಹಾಗೆ ಸಣ್ಣಗೆ ಮಾಡಿಕೊಟ್ಟಿದ್ದಾರೆ, ಅವರದೇನೂ ತಪ್ಪಿಲ್ಲ. ಅಲ್ಲಿ ಡಿಕಾಕ್ಷನ್ ನಿಧಾನಕ್ಕೆ ಗಟ್ಟಿಯಾಗಿ ಇಳಿಯಬೇಕು, ಆಮೇಲೆ ಹಾಲು ಸಕ್ಕರೆ ಬೀಳುವುದರಿಂದ ಒಂದಿಷ್ಟು ಕಹಿ ಇದ್ದರೇನೇ ರುಚಿ. ಇಲ್ಲಿ ಪೇಪರ್. ಸಣ್ಣ ಪುಡಿ ಹೋಗಿ ಅದರ ರಂಧ್ರ ಮುಚ್ಚುತ್ತದೆ. ನೀರು ಪುಡಿಯ ಮೇಲೆ ನಿಂತಷ್ಟೂ ಹೊತ್ತು ಎಳೆಯುತ್ತಲೇ ಇರುತ್ತದೆ. ಮೊದಲು ಹುಳಿ, ಸಿಹಿ ಬಿಡುತ್ತದೆ, ಕಹಿ ಒಗರು ಎಲ್ಲ ಕೊನೆಗೆ. ನಿಮಗೆ ಆ ಕೊನೆಯದೂ ಪೂರ್ತಿ ಬರುತ್ತಿದೆ.

ಪುಡಿ ಹೆಚ್ಚು ಕಡಿಮೆ ಉಪ್ಪಿಟ್ಟಿನ ರವೆಯಷ್ಟು ಇರಲಿ. ಚಿರೋಟಿ ರವೆಯಷ್ಟು ಆಯಿತೋ, ಮತ್ತೆ ಕಟ್ಟಿಕೊಳ್ಳುತ್ತದೆ. ಮೂರು ನಿಮಿಷದ ಆಸುಪಾಸಿನಲ್ಲಿ ನೀರು ಇಳಿದು ಮುಗಿದರೆ ಸರಿ ಇದೆ ಅಂತ. ನೀರಿನ ಬಿಸಿ ಇಳಿಸಬೇಡಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ನಿಮ್ಮಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಕುದಿ ನಿಂತ ಕೂಡಲೇ ಹಾಕಿ, ಬೀಜ ತುಂಬಾ ಕಪ್ಪಗೆ ಹುರಿದಿದ್ದರೆ ಮಾತ್ರ ಒಂದೆರಡು ನಿಮಿಷ ಕಾಯಿರಿ. ಉಳಿದ ಪುಡಿ ಸ್ಟೀಲ್ ಫಿಲ್ಟರಿಗೆ ಹಾಕಿ, ಒಳ್ಳೆ ಡಿಕಾಕ್ಷನ್ ಬರುತ್ತದೆ.

ಕಳಸದ ತೋಟ:
ಒಂದು ಮಾತು ಸೇರಿಸುತ್ತೇನೆ. ದಪ್ಪ ಪುಡಿ ಬೇಕು ಅಂತ ಮಿಕ್ಸಿಗೆ ಹಾಕಬೇಡಿ. ಮಿಕ್ಸಿ ಬೀಜವನ್ನು ಹೊಡೆದು ಒಡೆಯುತ್ತದೆ, ಅರ್ಧ ನುಚ್ಚು ಅರ್ಧ ದೂಳು. ನುಚ್ಚಿನಿಂದ ಹುಳಿ, ದೂಳಿನಿಂದ ಕಹಿ, ಎರಡೂ ಒಂದೇ ಲೋಟಕ್ಕೆ ಬರುತ್ತದೆ. ಬೇರೆ ಏನೂ ಇಲ್ಲ ಅಂದರೆ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಮೈದಾ ಜರಡಿಯಲ್ಲಿ ದೂಳು ತೆಗೆದು ಮಾಡಿ, ಒಂದು ಮಟ್ಟಕ್ಕೆ ಬರುತ್ತದೆ. ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್ (ಬೀಜವನ್ನು ಹೊಡೆಯದೆ ಎರಡು ಹಲ್ಲುಗಳ ನಡುವೆ ಒಂದೇ ಸಮ ಅರೆಯುವಂಥದ್ದು) ತೆಗೆದುಕೊಂಡರೆ ಅದೇ ಒಳ್ಳೆಯದು. ನಾವು ಹಣ್ಣು ಆರಿಸಿ ಕುಯ್ದು ಒಣಗಿಸಿ ಇಷ್ಟೆಲ್ಲ ಮಾಡಿದ್ದು ಕೊನೆಗೆ ಪುಡಿ ಮಾಡುವಾಗ ಹಾಳಾಗುತ್ತದಲ್ಲ, ಅದಕ್ಕೆ ಹೇಳಿದೆ.

ಬಸವನಗುಡಿ ಬೈಟೂ:
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಕೈ ಗ್ರೈಂಡರ್ ಬಂತು. ಈಗ ಉಲ್ಟಾ ಆಗಿದೆ! ಒಂದು ನಿಮಿಷ ನಲವತ್ತು ಸೆಕೆಂಡಿಗೆಲ್ಲ ನೀರು ಇಳಿದುಹೋಗುತ್ತದೆ, ಕಾಫಿ ತೆಳ್ಳಗೆ, ಹುಣಸೆ ನೀರಿನ ಹಾಗೆ ಹುಳಿ. ಚರಟದ ಮಧ್ಯದಲ್ಲಿ ಬಾವಿ ತೋಡಿದ ಹಾಗೆ ಗುಂಡಿ.

ಮೈಸೂರು ಮಗ್:
ಒಳ್ಳೆಯದೇ ಆಯಿತು, ಆ ತುದಿ ಈ ತುದಿ ಎರಡೂ ಗೊತ್ತಾಯಿತು. ಇನ್ನು ಮಧ್ಯಕ್ಕೆ ಬರಬೇಕು. ಗ್ರೈಂಡರಿನಲ್ಲಿ ಪುಡಿಯ ಗಾತ್ರ ಹೊಂದಿಸುವ ತಿರುಪನ್ನು ಎರಡು ಕ್ಲಿಕ್ ತಿರುಗಿಸಿ ಸಣ್ಣ ಮಾಡಿ, ಬೇರೆ ಏನನ್ನೂ ಮುಟ್ಟಬೇಡಿ. ಹೋದ ಸಲ ಬಿಸಿ, ಪುಡಿ, ಪೇಪರ್ ಮೂರನ್ನೂ ಬದಲಿಸಿದಿರಿ, ಯಾವುದರಿಂದ ಏನಾಯಿತು ಅಂತ ಹೇಗೆ ತಿಳಿಯಬೇಕು?

ಗುಂಡಿ ಬಿದ್ದಿದೆ ಅಂದರೆ ಒಂದೇ ಕಡೆ ಜೋರಾಗಿ ಸುರಿಯುತ್ತಿದ್ದೀರಿ. ಮೊದಲು 40 ಗ್ರಾಂ ನೀರು, ಪುಡಿಯೆಲ್ಲ ನೆನೆಯುವಷ್ಟು. 40 ಸೆಕೆಂಡ್ ಸುಮ್ನೆ ಬಿಡಿ. ಹೊಸದಾಗಿ ಹುರಿದ ಬೀಜವಾದರೆ ಗ್ಯಾಸ್ ಬಿಟ್ಟು ದೋಸೆ ಹಿಟ್ಟಿನ ಹಾಗೆ ಉಬ್ಬುತ್ತದೆ, ಆ ಗ್ಯಾಸ್ ಹೋಗದಿದ್ದರೆ ನೀರು ಒಳಗೆ ಇಳಿಯುವುದಿಲ್ಲ. ಆಮೇಲೆ ಸಣ್ಣ ಧಾರೆಯಲ್ಲಿ, ಸುತ್ತ ತಿರುಗಿಸುತ್ತಾ ಹಾಕಿ. ಯಾವುದರಲ್ಲಿ ಸುರಿಯುತ್ತೀರಿ?

ಬಸವನಗುಡಿ ಬೈಟೂ:
ಮಾಮೂಲಿ ಎಲೆಕ್ಟ್ರಿಕ್ ಕೆಟಲ್. ದಬಕ್ಕನೆ ಬೀಳುತ್ತದೆ.

ಕಳಸದ ತೋಟ:
ಮನೆಯಲ್ಲಿ ಗಿಂಡಿ ಇದೆಯಾ ನೋಡಿ. ನಮ್ಮ ಮನೆಯಲ್ಲಿ ನಾವು ಅದರಲ್ಲೇ ಹಾಕುವುದು, ಧಾರೆ ಎಷ್ಟು ಸಣ್ಣ ಬೇಕೋ ಅಷ್ಟು. ಮೊದಲು ಬಿಸಿನೀರು ಹಾಕಿ ಚೆಲ್ಲಿ, ಇಲ್ಲದಿದ್ದರೆ ಲೋಹವೇ ಬಿಸಿ ಎಳೆದುಕೊಳ್ಳುತ್ತದೆ. ಬಟ್ಟೆ ಸುತ್ತಿ ಹಿಡಿಯಿರಿ, ಕೈ ಸುಡುತ್ತದೆ.

ಬಸವನಗುಡಿ ಬೈಟೂ:
ಅಜ್ಜಿಯ ಸ್ಟೀಲ್ ಗಿಂಡಿ ಅಟ್ಟದ ಮೇಲಿತ್ತು, ಉಜ್ಜಿ ತೊಳೆದೆ. ಎರಡು ಕ್ಲಿಕ್ ಸಣ್ಣ ಮಾಡಿದೆ. ಇವತ್ತು ಬೆಳಿಗ್ಗೆ ಮೂರು ನಿಮಿಷ ಐದು ಸೆಕೆಂಡ್! ಚರಟ ಸಮತಟ್ಟಾಗಿ ಕೂತಿದೆ, ಪೇಪರಿನ ಬದಿಯಲ್ಲಿ ಕೆಸರಿಲ್ಲ. ಬಿಸಿಯಲ್ಲಿ ಅಷ್ಟೇನೂ ಗೊತ್ತಾಗಲಿಲ್ಲ, ಸ್ವಲ್ಪ ಆರಿದ ಮೇಲೆ ಆ ಕಿತ್ತಳೆ ಸಿಪ್ಪೆಯ ಘಮ ಬಂತು ನೋಡಿ, ಲೋಟ ಕೆಳಗಿಡಲು ಮನಸ್ಸಾಗಲಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಅಕ್ಕ ಭಾವ ಬರುತ್ತಾರೆ, 30 ಗ್ರಾಂ ಪುಡಿಗೆ 450 ನೀರು ಹಾಕಿದರೆ ಗ್ರೈಂಡರ್ ಇದೇ ಲೆಕ್ಕದಲ್ಲಿ ಇಡಬಹುದಾ?

ಮೈಸೂರು ಮಗ್:
ಒಂದು ಕ್ಲಿಕ್ ದಪ್ಪ ಮಾಡಿ. ಪುಡಿಯ ಮಟ್ಟ ಎತ್ತರ ಆಗುವುದರಿಂದ ನೀರು ನಿಧಾನ ಆಗುತ್ತದೆ, ಮೂರೂವರೆ ನಿಮಿಷದವರೆಗೆ ಹೋದರೂ ಪರವಾಗಿಲ್ಲ. ಶನಿವಾರವೇ ಒಮ್ಮೆ ಮಾಡಿ ನೋಡಿಕೊಳ್ಳಿ.