ಕಣಿವೆ ಹತ್ತಿ ಕಣಿವೆಗೆ ಇಳಿಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿ.ಮೀ. ಕಾಲುದಾರಿ ಅದು. ಅಷ್ಟೂ ದಾರಿಯ ಗೊಡವೆ ಬೇಡ ಅಂತ ಒಂದೇ ದಿನದ ನಡಿಗೆ ಆರಿಸಿಕೊಂಡೆ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಫಾರೆಸ್ಟರ್ ಪಾಸ್ ದಾಟುವ ದಿನ. ಎತ್ತರ ಸುಮಾರು 4,009 ಮೀಟರ್, ಇಡೀ ದಾರಿಯಲ್ಲೇ ಎತ್ತರದ ಜಾಗ.

ಈ 'ಪಾಸ್'ಗೆ ಕನ್ನಡದಲ್ಲಿ ಏನು ಬರೆಯಲಿ?

ಶಾಲೆಯಲ್ಲಿ ಓದಿದ್ದು ಕಣಿವೆ. ಖೈಬರ್ ಕಣಿವೆ, ಬೋಲನ್ ಕಣಿವೆ. ಆದರೆ ಕಾಶ್ಮೀರವೂ ಕಣಿವೆಯೇ ಅಲ್ವಾ? ಒಂದು, ಬೆಟ್ಟ ದಾಟುವ ಸಂದು (ಪಾಸ್); ಇನ್ನೊಂದು, ಬೆಟ್ಟಗಳ ನಡುವಿನ ತಗ್ಗುನಾಡು (ವ್ಯಾಲಿ). ನನಗೆ ಎರಡೂ ಒಂದೇ ದಿನದಲ್ಲಿ ಬೇಕು. ದಕ್ಷಿಣಕ್ಕೆ ಟಿಂಡಲ್ ಹಳ್ಳದ ತಗ್ಗಿನಿಂದ ಹತ್ತಿ, ಉತ್ತರಕ್ಕೆ ಬಬ್ಸ್ ಹಳ್ಳದ ಕಡೆ ಇಳಿಯಬೇಕು. 'ಕಣಿವೆ ಬಿಟ್ಟು ಕಣಿವೆ ಹತ್ತಿ ಕಣಿವೆಗೆ ಇಳಿದರು' ಅಂತ ಬರೆದರೆ ಓದುಗರು ನನ್ನನ್ನೇ ಕಣಿವೆಗೆ ತಳ್ಳುತ್ತಾರೆ.

ತಮಿಳಿನವರಿಗೆ ಈ ತಾಪತ್ರಯ ಇಲ್ಲ. ನಮ್ಮ ಕಣಿವೆಯ ನಂಟಿನ 'ಕಣವಾಯ್' ಅವರಲ್ಲಿ ಪಾಸ್ ಮಾತ್ರ, ವ್ಯಾಲಿಗೆ 'ಪಳ್ಳತ್ತಾಕ್ಕು' ಇದೆ. ತೆಲುಗಿನ 'ಕನುಮ' ಕೂಡ ಬೆಟ್ಟದ ದಾರಿಯ ಕಡೆಯದೇ. ಹಿರಿಯೂರಿನ ಹತ್ತಿರ ವೇದಾವತಿ ಬೆಟ್ಟದ ಸಂದಿನಲ್ಲಿ ನುಗ್ಗುವ ಕಡೆ ಅಣೆಕಟ್ಟು ಕಟ್ಟಿದ್ದಾರಲ್ಲ, ಅದು ಮಾರಿಕಣಿವೆ. ಅಂದರೆ ನಮ್ಮ ಊರ ಹೆಸರುಗಳಲ್ಲೂ ಸಂದು ಎಂಬ ಅರ್ಥ ಉಳಿದಿದೆ. ವ್ಯಾಲಿ ಬಂದು ಪದವನ್ನು ಕಬಳಿಸಿತು ಅಂತ ನನ್ನ ಗುಮಾನಿ.

'ಘಾಟಿ' ಬಳಸಿ ಅಂದರು ಒಬ್ಬರು. ಒಪ್ಪಲು ಮನಸ್ಸಿಲ್ಲ. ಆಗುಂಬೆ ಘಾಟಿ ಹತ್ತಿದರೆ ಮೇಲೆ ಮಲೆನಾಡು ಸಿಗುತ್ತೆ, ಆಚೆ ಬದಿಗೆ ಅಷ್ಟೇ ಇಳಿಯಬೇಕಿಲ್ಲ. ಸಂಡೂರಿನ ಭೀಮಗಂಡಿ, ಓಬಳಗಂಡಿಯ 'ಗಂಡಿ' ಚೆನ್ನಾಗಿದೆ. ಆದರೆ ಅಲ್ಲಿ ಹಳ್ಳವೇ ಬೆಟ್ಟ ಕೊರೆದು ದಾರಿ ಮಾಡಿದೆ, ಕೆಳಗಿನಿಂದಲೇ ಆಚೆ ಹೋಗಬಹುದು. ಫಾರೆಸ್ಟರ್ ಹಾಗಲ್ಲ. ದಕ್ಷಿಣದಿಂದ ನೋಡಿದರೆ ಎದುರಿಗೆ ಬಂಡೆಯ ಗೋಡೆ, ಅದರ ನೆತ್ತಿಯಲ್ಲಿ ಒಂದು ಕಚ್ಚು, ಅಷ್ಟೇ. ಗೋಡೆಗೆ ಕೊರೆದ ದಾರಿ ಅತ್ತಿಂದಿತ್ತ ಮುರಿದು ಮುರಿದು ಏರುತ್ತೆ. ತುದಿಗೆ ಸ್ವಲ್ಪ ಕೆಳಗೆ, ಬೇಸಿಗೆ ಶುರುವಾದಾಗಲೂ ಹಿಮ ತುಂಬಿದ ಕಡಿದಾದ ಇಕ್ಕಟ್ಟು. ಕೈಯಲ್ಲಿ ಹಿಮಗೊಡಲಿ ಹಿಡಿದು, ಒಂದೊಂದೇ ಹೆಜ್ಜೆ ಊರಿ ಅಡ್ಡಕ್ಕೆ ದಾಟುತ್ತಾರೆ.

ಸದ್ಯಕ್ಕೆ ಪಾಸ್‌ಗೆ 'ಕಣಿವೆ', ವ್ಯಾಲಿಗೆ 'ಕೊಳ್ಳ' ಇಟ್ಟುಕೊಂಡಿದ್ದೇನೆ. ಹಳೇ ಮೈಸೂರಿನ ಕಡೆಯವರಿಗೆ ಕೊಳ್ಳ ಒಪ್ಪಿಗೆಯಾಗುತ್ತಾ, ಗೊತ್ತಿಲ್ಲ. ಹಿಮಾಲಯಕ್ಕೆ ಹೋಗಿ ಬಂದ ನಮ್ಮವರಂತೂ ಸುಮ್ನೆ 'ಪಾಸ್ ದಾಟಿದ್ವಿ' ಅಂತಾರೆ.

ಇನ್ನೊಂದು ಚಿಕ್ಕ ಪ್ರಶ್ನೆ. ಬೆಳಗಿನ ಜಾವ ಹಿಮ ಗಟ್ಟಿ ಇರುತ್ತೆ, ಅದಕ್ಕೇ ಕತ್ತಲಲ್ಲೇ ಹೊರಡುತ್ತಾರೆ. ಬಿಸಿಲೇರಿದ ಮೇಲೆ ಮೇಲ್ಪದರ ಮೆತ್ತಗಾಗಿ ಕಾಲು ತೊಡೆವರೆಗೂ ಇಳಿಯುತ್ತೆ. ಅಲ್ಲಿನವರು ಇದಕ್ಕೆ 'ಪೋಸ್ಟ್‌ಹೋಲಿಂಗ್' ಅಂತಾರೆ. ನಾನು 'ಹೂತುಹೋಗು' ಅಂತ ಬರೆದಿದ್ದೇನೆ. ಕೆಸರುಗದ್ದೆಯಲ್ಲಿ ನಡೆದು ರೂಢಿಯಿರುವ ಮಲೆನಾಡಿನವರು, ಕರಾವಳಿಯವರು ಇದಕ್ಕೆ ಏನಂತೀರಿ? ಬೆಟ್ಟದ ಏಣಿನಲ್ಲಿ ಆಚೀಚೆ ದಾಟುವ ಕಚ್ಚಿಗೆ ನಿಮ್ಮ ಊರಲ್ಲಿ ಹೆಸರಿದ್ದರೆ, ಯಾವ ಬೆಟ್ಟದ್ದು ಅನ್ನೋದನ್ನೂ ಸೇರಿಸಿ ತಿಳಿಸಿ.