ಅಪ್‌ಡೇಟ್: ಸ್ಟಾಕ್ ಲೆಕ್ಕ ಕೊನೆಗೂ ಪ್ರೊಸೀಜರ್‌ಗೇ ಹೋಯ್ತು

ಆರ್ಡರ್ ಟೇಬಲ್‌ಗೆ ಸಾಲು ಸೇರಿದ ಕೂಡಲೇ ಸ್ಟಾಕ್ ಕಡಿಮೆಯಾಗಬೇಕು, ಅದಕ್ಕೆ ಟ್ರಿಗರ್ (ಟೇಬಲ್ ಬದಲಾದಾಗ ತಾನಾಗೇ ಓಡುವ ಕೋಡ್) ಬರೆಯಲೋ ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಇಟ್ಟು, ಕರೆದಾಗ ಮಾತ್ರ ಓಡುವ ಕೋಡ್) ಬರೆಯಲೋ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಹೆಚ್ಚಿನವರು ಪ್ರೊಸೀಜರ್ ಅಂದಿದ್ರಿ. ನಾನು ಮಾತು ಕೇಳದೆ ಟ್ರಿಗರ್ ಬರೆದೆ, ಅನುಭವಿಸಿದೆ.

ಎರಡು ವಾರ ಎಲ್ಲ ಸರಿಯಿತ್ತು. ಆಮೇಲೆ ಒಬ್ಬರು ಒಂದೇ ಇನ್ಸರ್ಟ್‌ನಲ್ಲಿ 40 ಸಾಲು ಹಾಕಿದ್ರು. ಸ್ಟಾಕ್ ಕಡಿಮೆಯಾಗಿದ್ದು ಒಂದೇ ಐಟಂದು! ಎರರ್ ಇಲ್ಲ, ಏನಿಲ್ಲ. ನಾನು ಬಳಸೋ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟ್ರಿಗರ್ ಓಡೋದು ಸಾಲಿಗೊಂದು ಸಲ ಅಲ್ಲ, ಸ್ಟೇಟ್‌ಮೆಂಟ್‌ಗೊಂದು (ಅಂದ್ರೆ ಕಮಾಂಡ್‌ಗೊಂದು) ಸಲ. ಹೊಸ ಸಾಲುಗಳು ಟ್ರಿಗರ್‌ಗೆ ಸಿಗೋ 'ಇನ್ಸರ್ಟೆಡ್' ಟೇಬಲ್‌ನಲ್ಲಿ 40 ಸಾಲೂ ಇದ್ದವು. ನಾನು ಐಟಂ ಐಡಿಯನ್ನ ಒಂದು ವೇರಿಯಬಲ್‌ಗೆ ತಗೊಂಡಿದ್ದೆ, ಅದರಲ್ಲಿ ಉಳಿದಿದ್ದು ಒಂದೇ. ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್‌ನಲ್ಲಿ ಟ್ರಿಗರ್ ಸಾಲಿಗೊಂದು ಸಲ ಓಡುತ್ತೆ, ನನ್ನ ಹಳೇ ಅಭ್ಯಾಸ ಅಲ್ಲಿಂದ ಬಂದಿದ್ದು.

ವೇರಿಯಬಲ್ ಬದಲು 'ಇನ್ಸರ್ಟೆಡ್' ಸಾಲುಗಳನ್ನ ಐಟಂವಾರು ಕೂಡಿಸಿ ಸ್ಟಾಕ್ ಟೇಬಲ್‌ಗೆ ಜಾಯಿನ್ ಹಾಕಿದ್ರೆ (ಎರಡು ಟೇಬಲ್‌ನ ಸಾಲುಗಳನ್ನ ಹೊಂದಿಸಿದ್ರೆ) ಟ್ರಿಗರ್ರೇ ಸರಿಹೋಗ್ತಿತ್ತು, ನಿಜ. ಆದರೆ ಬಲ್ಕ್ ಇನ್ಸರ್ಟ್ (ಫೈಲ್‌ನಿಂದ ಸಾಲುಗಳನ್ನ ಒಟ್ಟಿಗೆ ತುಂಬೋ ಕಮಾಂಡ್) ಮಾಡುವಾಗ 'ಫೈರ್ ಟ್ರಿಗರ್ಸ್' ಆಯ್ಕೆ ಕೊಡದಿದ್ರೆ ಟ್ರಿಗರ್ ಓಡೋದೇ ಇಲ್ಲ ಅಂತ ಗೊತ್ತಾದ ಮೇಲೆ ನಂಬಿಕೆ ಹೋಯ್ತು.

ಈಗ ಆರ್ಡರ್ ಸೇರಿಸೋದು, ಸ್ಟಾಕ್ ಕಳೆಯೋದು ಎರಡೂ ಒಂದೇ ಪ್ರೊಸೀಜರ್‌ನಲ್ಲಿ, ಒಂದೇ ಟ್ರಾನ್ಸಾಕ್ಷನ್ ಒಳಗೆ, ಅಂದ್ರೆ ಆದ್ರೆ ಎರಡೂ ಆಗ್ಬೇಕು, ಇಲ್ಲಾಂದ್ರೆ ಎರಡೂ ಇಲ್ಲ. ಟೇಬಲ್ ಮೇಲೆ ಆ್ಯಪ್‌ಗೆ ನೇರ ಇನ್ಸರ್ಟ್ ಅನುಮತಿ ಕಿತ್ತು, ಪ್ರೊಸೀಜರ್ ಓಡಿಸೋ ಅನುಮತಿ ಮಾತ್ರ ಕೊಟ್ಟಿದ್ದೀನಿ. ಇದು ಮಾಡದಿದ್ರೆ ಯಾರಾದ್ರೂ ಹಿಂಬಾಗಿಲಿಂದ ನುಗ್ಗೇ ನುಗ್ತಾರೆ.

ಬೆಲೆ ಬದಲಾವಣೆಯ ಆಡಿಟ್‌ಗೆ (ಬದಲಾವಣೆಗಳ ದಾಖಲೆ ಇಡೋದಕ್ಕೆ) ಮಾತ್ರ ಟ್ರಿಗರ್ ಉಳಿಸಿಕೊಂಡಿದ್ದೀನಿ, ಈ ಸಲ ಜಾಯಿನ್ ಹಾಕಿ.