ಒಣಗುತ್ತಿರುವ ಬಳ್ಳಿ ಗುಲಾಬಿಗೆ ಎಲ್ಲಿಯವರೆಗೆ ಕತ್ತರಿ ಹಾಕಬಹುದು?

ಪ್ರಶ್ನೆ:
ಮೈಸೂರಿನ ನಮ್ಮ ಮನೆಯ ಕಾಂಪೌಂಡಿಗೆ ಹಬ್ಬಿಸಿರುವ 6 ವರ್ಷದ ಬಳ್ಳಿ ಗುಲಾಬಿಯ ಕೊಂಬೆಗಳು ತುದಿಯಿಂದ ಕಪ್ಪಾಗಿ ಕೆಳಮುಖವಾಗಿ ಒಣಗುತ್ತಿವೆ. ಹೂವು ಬಿಡುವುದು ನೆತ್ತಿಯಲ್ಲಿ ಮಾತ್ರ. ಅಕ್ಟೋಬರಿನಲ್ಲಿ ಬುಡದವರೆಗೆ ಕತ್ತರಿಸಿದರೆ ಮತ್ತೆ ಚಿಗುರೀತೇ?

ಉತ್ತರ:
ದಯವಿಟ್ಟು ಬುಡಕ್ಕೆ ಕತ್ತರಿ ಹಾಕಬೇಡಿ. ಮಳೆ ನಿಂತ ಮೇಲೆ, ಒಣಗಿದ ಭಾಗಕ್ಕಿಂತ 2-3 ಅಂಗುಲ ಕೆಳಗೆ, ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿರಿ. ತಿರುಳು ಕಂದಾಗಿದ್ದರೆ ರೋಗ ಇನ್ನೂ ಕೆಳಗಿದೆ ಎಂದೇ ಅರ್ಥ. ಪ್ರತಿ ಸಲವೂ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ.

ಮತ್ತೊಂದು ಉತ್ತರ:
ನೆತ್ತಿಯಲ್ಲಷ್ಟೇ ಹೂ ಬಿಡುವುದಕ್ಕೆ ಕಾರಣ ರೋಗವಲ್ಲ; ಕೊಂಬೆ ನೆಟ್ಟಗೆ ನಿಂತಾಗ ಅದರ ತುದಿಯು ಕೆಳಗಿನ ಕಣ್ಣುಗಳನ್ನು ಚಿಗುರಲು ಬಿಡುವುದಿಲ್ಲ. ಬಲವಾದ ನಾಲ್ಕೈದು ಕೊಂಬೆಗಳನ್ನು ಉಳಿಸಿ, ಅವನ್ನು ಅಡ್ಡಲಾಗಿ ಬಾಗಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ, ಪಕ್ಕದ ರೆಂಬೆಗಳಲ್ಲಿ ಎರಡು ಮೂರು ಕಣ್ಣುಗಳನ್ನಷ್ಟೇ ಬಿಟ್ಟು ಕತ್ತರಿಸಿದರೆ ಉದ್ದಕ್ಕೂ ಹೂ ಬರುತ್ತದೆ. ತಂತಿ ಬಿಗಿದು ನಾನು ಒಂದು ಒಳ್ಳೆಯ ಕೊಂಬೆಯನ್ನೇ ಕಳೆದುಕೊಂಡಿದ್ದೇನೆ. ಕಸಿಯ ಗಂಟಿನ (ಗುಲಾಬಿಯನ್ನು ಬೇರೊಂದು ಗಿಡದ ಬುಡಕ್ಕೆ ಜೋಡಿಸಿದ ಜಾಗದ) ಕೆಳಗಿನಿಂದ ಬರುವ ಚಿಗುರು ಆ ಬುಡದ ಗಿಡದ್ದು, ಅದನ್ನು ಮಾತ್ರ ಕಿತ್ತೇ ಹಾಕಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಂಥ ಚಿಗುರೊಂದನ್ನು ಹೊಸ ಕೊಂಬೆಯೆಂದು ತಿಳಿದು ಎರಡು ತಿಂಗಳಿಂದ ಗೊಬ್ಬರ ಹಾಕಿ ಸಾಕುತ್ತಿದ್ದೆ, ನಾಳೆಯೇ ಕೀಳುತ್ತೇನೆ.